ಸರಾಸರಿಗೆ ಸಿಕ್ಕದ ಅಭಿರುಚಿ



ಕಾಳಿದಾಸನ ‘ರಘುವಂಶ’ದ ಆರನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರ ಬರುತ್ತದೆ. ಸುನಂದೆ ರಾಜಕುಮಾರಿಯನ್ನು ಒಬ್ಬೊಬ್ಬ ಅರಸನ ಮುಂದೆ ನಿಲ್ಲಿಸಿ ಅವನ ಕುಲ, ಪರಾಕ್ರಮ, ಸಿರಿಸಂಪತ್ತನ್ನು ಬಣ್ಣಿಸುತ್ತ ಹೋಗುತ್ತಾಳೆ. ಅಂಗದೇಶದ ಅರಸನ ಸರದಿ ಬಂದಾಗ ಇಂದುಮತಿ ಅವನಿಂದ ಕಣ್ಣು ತೆಗೆದು ಮುಂದಕ್ಕೆ ನಡೆಯುತ್ತಾಳೆ. ಯಾಕೆ ಎಂಬ ಪ್ರಶ್ನೆ ಓದುಗನಿಗೆ ಏಳುವ ಮೊದಲೇ ಕವಿ ಉತ್ತರ ಕೊಟ್ಟುಬಿಡುತ್ತಾನೆ. ಅರಸನಲ್ಲಿ ಕೊರತೆ ಇತ್ತೆಂಬುದನ್ನು ಅವನು ಒಪ್ಪುವುದಿಲ್ಲ. ಹುಡುಗಿಯ ನೋಟದಲ್ಲಿ ಕೊರತೆ ಇತ್ತೆಂಬುದನ್ನೂ ಒಪ್ಪುವುದಿಲ್ಲ. ಎರಡನ್ನೂ ತಳ್ಳಿಹಾಕಿ, ಕಾರಣವನ್ನು ರುಚಿಭೇದಕ್ಕೆ ಬಿಡುತ್ತಾನೆ.

ನಾವು ದಿನನಿತ್ಯ ಜಗಳವಾಡುವುದು ಕವಿ ತಳ್ಳಿಹಾಕಿದ ಆ ಎರಡು ಕಾರಣಗಳನ್ನು ಹಿಡಿದುಕೊಂಡೇ. ಯಕ್ಷಗಾನದ ಬಡಗುತಿಟ್ಟನ್ನು ಮೆಚ್ಚುವವರು ತೆಂಕಿನ ಚೆಂಡೆಯ ಅಬ್ಬರದಲ್ಲಿ ಏನಿದೆ ಎಂದು ಕೇಳುತ್ತಾರೆ. ಖಯಾಲಿನ ವಿಲಂಬಿತದಲ್ಲಿ ಮುಳುಗಿ ಬೆಳೆದ ಧಾರವಾಡದ ರಸಿಕರಿಗೂ ಕೃತಿ, ನೆರವಲ್, ಕಲ್ಪನಾಸ್ವರಗಳಲ್ಲಿ ಬೆಳೆದ ಮೈಸೂರಿನ ರಸಿಕರಿಗೂ ಮಾತು ಬೆಳೆದರೆ ಒಂದೋ ‘ಅದರಲ್ಲಿ ಹುರುಳಿಲ್ಲ’ ಎಂದಾಗುತ್ತದೆ, ಇಲ್ಲವೇ ‘ನಿಮಗೆ ಕೇಳಲು ಬರುವುದಿಲ್ಲ’ ಎಂದಾಗುತ್ತದೆ. ದೋಷ ಕೃತಿಯದು ಅಥವಾ ದೋಷ ರಸಿಕನದು. ಮೂರನೆಯ ಕಾರಣವೊಂದು ಇದೆ, ಅದಕ್ಕೆ ತನ್ನದೇ ಆದ ಕ್ರಮವಿದೆ, ಅದನ್ನು ಅಳೆಯಬಹುದು ಎಂಬ ನಂಬಿಕೆಯ ಮೇಲೆ ಮನಶ್ಶಾಸ್ತ್ರದ ಒಂದು ಶಾಖೆಯೇ ನಿಂತಿದೆ. ಈ ಸಂಜೆ ನಾನು ಮಾತಾಡಹೊರಟಿರುವುದು ಅದರ ಬಗ್ಗೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಒಬ್ಬೊಬ್ಬರ ಅಭಿರುಚಿ ಒಂದೊಂದು ಬಗೆ ಎಂಬುದು ಅಳತೆಯಲ್ಲಿ ನುಸುಳಿದ ತಪ್ಪಲ್ಲ, ಸಂಸ್ಕಾರದ ಕೊರತೆಯೂ ಅಲ್ಲ. ಅದು ಅಧ್ಯಯನದ ತಿರುಳು. ಸರಾಸರಿ ತೆಗೆದ ಕೂಡಲೇ ಆ ತಿರುಳು ಕೈಜಾರುತ್ತದೆ.

ನಮ್ಮ ಕಾವ್ಯಮೀಮಾಂಸೆಗೆ ಇದು ಹೊಸದಲ್ಲ. ಭರತನ ನಾಟ್ಯಶಾಸ್ತ್ರ ನಾಟಕದ ಸಿದ್ಧಿಯನ್ನು ಚರ್ಚಿಸುವ ಅಧ್ಯಾಯದಲ್ಲಿ ಪ್ರೇಕ್ಷಕನಿಗೆ ಇರಬೇಕಾದ ಗುಣಗಳ ಉದ್ದ ಪಟ್ಟಿ ಕೊಡುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಇಷ್ಟೆಲ್ಲ ಗುಣಗಳು ಒಬ್ಬನಲ್ಲೇ ಕೂಡಿರುವುದು ಕಾಣಸಿಗದು ಎಂದು ಒಪ್ಪಿಕೊಂಡು, ಎದುರಿಗೆ ಕೂತ ನಿಜವಾದ ಜನರ ಕಡೆಗೆ ತಿರುಗುತ್ತದೆ. ತರುಣರಿಗೆ ಶೃಂಗಾರ ಹಿಡಿಸುತ್ತದೆ, ವಿದ್ವಾಂಸರಿಗೆ ಶಾಸ್ತ್ರದ ಮಾತು, ಶೂರರಿಗೆ ಕಾಳಗ, ವಯಸ್ಸಾದವರಿಗೆ ಪುರಾಣದ ಕಥೆ, ಮಕ್ಕಳಿಗೆ ಹಾಸ್ಯ ಮತ್ತು ವೇಷ ಎಂದು ವಿಂಗಡಿಸುತ್ತದೆ. ಬಯಲಾಟದ ಮೇಳ ನಡೆಸಿದ ಯಾರಿಗಾದರೂ ಈ ಪಟ್ಟಿ ತೋರಿಸಿ, ಅವರು ತಲೆದೂಗುತ್ತಾರೆ.

ಅಭಿನವಗುಪ್ತ ಇನ್ನೂ ಆಳಕ್ಕೆ ಇಳಿದ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಕೂತು ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಆತ, ರತಿ ಶೋಕ ಕ್ರೋಧ ಮೊದಲಾದ ಚಿತ್ತವೃತ್ತಿಗಳ ವಾಸನೆ, ಅಂದರೆ ಒಳಗೆ ಸುಪ್ತವಾಗಿ ಉಳಿದ ಅಚ್ಚು, ಇಲ್ಲದ ಪ್ರಾಣಿಯೇ ಇಲ್ಲ ಎನ್ನುತ್ತಾನೆ. ಎಲ್ಲರಲ್ಲೂ ಎಲ್ಲವೂ ಇದೆ. ಆದರೆ ಒಬ್ಬನಲ್ಲಿ ಒಂದು ವೃತ್ತಿ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಇಂದಿನ ವ್ಯಕ್ತಿತ್ವ ಮನಶ್ಶಾಸ್ತ್ರ ಹೇಳುವುದೂ ಇದೇ ಧಾಟಿಯ ಮಾತನ್ನೇ: ಗುಣಗಳು ಎಲ್ಲರಿಗೂ ಸಮಾನ, ಪ್ರಮಾಣ ಮಾತ್ರ ಬೇರೆ. ನಂತರದ ಮೀಮಾಂಸಕರು ಈ ಎಳೆಯನ್ನು ಮುಂದಕ್ಕೆ ಎಳೆಯಲಿಲ್ಲ. ಅವರ ಗಮನವೆಲ್ಲ ಆದರ್ಶ ಸಹೃದಯನ ಕಡೆಗೆ ಹೋಯಿತು. ಮೈಸೂರಿನ ಎಂ. ಹಿರಿಯಣ್ಣನವರ ಕಲಾನುಭವದ ಪ್ರಬಂಧಗಳನ್ನೂ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನೂ ಓದಿ ಬೆಳೆದ ನನ್ನಂಥವರಿಗೆ ಆ ಸಹೃದಯನ ಮೇಲೆ ಅಪಾರ ಗೌರವ. ಆದರೂ ಕೇಳಬೇಕಾದ ಪ್ರಶ್ನೆ ಉಳಿದೇ ಇತ್ತು. ಇಬ್ಬರು ಒಳ್ಳೆಯ ಸಹೃದಯರು ಒಂದೇ ಕೃತಿಯ ಎದುರಿಗೆ ಭಿನ್ನಾಭಿಪ್ರಾಯಕ್ಕೆ ಬಂದರೆ ಅದು ಎಲ್ಲಿಂದ ಹುಟ್ಟಿತು?

ಇದನ್ನು ಪ್ರಯೋಗಕ್ಕೆ ಇಳಿಸಿದವನು ಜರ್ಮನಿಯ ಗುಸ್ತಾವ್ ಫೆಕ್ನರ್. ಲೈಪ್‌ಜಿಗ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಅವನ ಕಾಲದ ತತ್ತ್ವಜ್ಞಾನಿಗಳು ಸೌಂದರ್ಯದ ಪರಿಕಲ್ಪನೆಯಿಂದ ಹೊರಟು ಕೆಳಕ್ಕೆ ಇಳಿಯುತ್ತಿದ್ದರು. ಇವನು ಕೆಳಗಿನಿಂದ, ಅಂದರೆ ಜನ ಯಾವುದನ್ನು ಮೆಚ್ಚುತ್ತಾರೆ ಎಂಬ ಲೆಕ್ಕದಿಂದ ಮೇಲಕ್ಕೆ ಹತ್ತಬೇಕು ಎಂದ. 1871ರಲ್ಲಿ ಡ್ರೆಸ್ಡನ್‌ನಲ್ಲಿ ಹೋಲ್‌ಬೈನ್‌ನ ಚಿತ್ರಗಳ ಪ್ರದರ್ಶನ ನಡೆಯಿತು. ಒಂದೇ ಮಡೋನ್ನಾ ಚಿತ್ರದ ಎರಡು ಆವೃತ್ತಿಗಳು ಅಕ್ಕಪಕ್ಕದಲ್ಲಿದ್ದವು. ಯಾವುದು ಮೂಲ, ಯಾವುದು ನಕಲು ಎಂದು ವಿದ್ವಾಂಸರಲ್ಲಿ ದೊಡ್ಡ ಚರ್ಚೆ. ಫೆಕ್ನರ್ ಅಲ್ಲೊಂದು ಪುಸ್ತಕ ಇಟ್ಟು, ಯಾವುದು ಹೆಚ್ಚು ಸುಂದರ ಎಂದು ಬಂದವರೆಲ್ಲ ಬರೆಯಲಿ ಎಂದು ಕೋರಿದ. ಬಂದವರು 11 ಸಾವಿರಕ್ಕೂ ಹೆಚ್ಚು, ಬರೆದವರು 113. ಅವರ ಉತ್ತರಗಳಲ್ಲೂ ಹಲವನ್ನು ಕೈಬಿಡಬೇಕಾಯಿತು. ಪ್ರಯೋಗ ಸೋತಿತು, ನಿಜ. ಆದರೆ ಕಲಾಪ್ರದರ್ಶನಕ್ಕೆ ಬಂದ ಸಾಮಾನ್ಯ ನೋಡುಗನ ಮೆಚ್ಚುಗೆಯೂ ಬರೆದಿಡಬೇಕಾದ ಸಂಗತಿ ಎಂದು ಒಬ್ಬ ವಿಜ್ಞಾನಿಗೆ ಅನ್ನಿಸಿದ ಆ ಗಳಿಗೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಫೆಕ್ನರ್‌ಗೆ ಹೆಸರು ತಂದದ್ದು ಇನ್ನೊಂದು ಪ್ರಯೋಗ. ಒಂದೇ ಕ್ಷೇತ್ರಫಲದ, ಬೇರೆ ಬೇರೆ ಉದ್ದಗಲದ 10 ಬಿಳಿ ಆಯತಗಳನ್ನು ಕಪ್ಪು ಹಲಗೆಯ ಮೇಲೆ ಹರಡಿ, ಯಾವುದು ಎಲ್ಲಕ್ಕಿಂತ ಹಿಡಿಸಿತು, ಯಾವುದು ಹಿಡಿಸಲೇ ಇಲ್ಲ ಎಂದು 300ಕ್ಕೂ ಹೆಚ್ಚು ಜನರನ್ನು ಕೇಳಿದ. ಅತಿ ಹೆಚ್ಚು ಮತ ಬಿದ್ದದ್ದು ಉದ್ದ 34, ಅಗಲ 21 ಇರುವ ಆಯತಕ್ಕೆ. ಇದೇ ಪ್ರಸಿದ್ಧ ‘ಸುವರ್ಣ ಅನುಪಾತ’. 1876ರಲ್ಲಿ ಬಂದ ಅವನ ಸೌಂದರ್ಯಶಾಸ್ತ್ರದ ಗ್ರಂಥದ ಮೂಲಕ ಈ ಫಲಿತಾಂಶ ಜಗತ್ತಿಗೆಲ್ಲ ಹರಡಿತು. ಮನುಷ್ಯನ ಕಣ್ಣಿಗೆ ಹುಟ್ಟಿನಿಂದಲೇ ಪ್ರಿಯವಾದ ಆಕಾರ ಇದು ಎಂದು ಇಂದಿಗೂ ಶಾಲೆಯ ಪುಸ್ತಕಗಳಲ್ಲಿ, ವಿನ್ಯಾಸದ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಆದರೆ ಫೆಕ್ನರ್‌ನ ಅಂಕಿಯನ್ನೇ ನೋಡಿ: ಆ ಆಯತವನ್ನು ಆರಿಸಿದವರು ಶೇ. 35ರಷ್ಟು ಜನ. ಸುಮಾರು ಮೂರರಲ್ಲಿ ಇಬ್ಬರು ಬೇರೆಯದನ್ನು ಆರಿಸಿದ್ದರು. ಆ ಇಬ್ಬರ ಬಗ್ಗೆ ನೂರು ವರ್ಷ ಹೆಚ್ಚು ಜನ ಕೇಳಲಿಲ್ಲ.

ಕೇಳಿದವರಲ್ಲಿ ಮುಖ್ಯರು ಲಂಡನ್ನಿನ ಕ್ರಿಸ್ ಮೆಕ್‌ಮನಸ್. 1980ರಲ್ಲಿ ಪ್ರಕಟವಾದ ಅವರ ಅಧ್ಯಯನದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಗುಟ್ಟು ಇರುವುದು ಆ ಕ್ರಮದಲ್ಲೇ. ಹತ್ತು ಆಕೃತಿಗಳನ್ನು ಒಟ್ಟಿಗೆ ಹರಡಿ ಒಂದನ್ನು ಆರಿಸಿ ಎಂದು ಅವರು ಹೇಳಲಿಲ್ಲ. ಎರಡೆರಡು ಆಯತಗಳನ್ನು ಜೋಡಿ ಮಾಡಿ, ಇವೆರಡರಲ್ಲಿ ಯಾವುದು, ಎಷ್ಟರ ಮಟ್ಟಿಗೆ ಎಂದು ಮತ್ತೆ ಮತ್ತೆ ಕೇಳಿದರು. ಹೀಗೆ ಕೇಳಿದಾಗ ಒಬ್ಬೊಬ್ಬ ವ್ಯಕ್ತಿಗೂ ಅವನದೇ ಆದ ಒಂದು ಗೆರೆ ಎಳೆಯಬಹುದು: ಯಾವ ಉದ್ದಗಲ ಎಷ್ಟು ಇಷ್ಟ ಎಂಬ ಗೆರೆ. ಕೆಲವರ ಗೆರೆ ಚೌಕದ ಬಳಿ ಎದ್ದು ನಿಂತಿತು. ಕೆಲವರದು ಅಲ್ಲೇ ಕುಸಿದಿತ್ತು. ಕೆಲವರು ಉದ್ದನೆಯ ಆಯತವನ್ನು ಬಯಸಿದರು. ಕೆಲವರದು ಸುವರ್ಣ ಅನುಪಾತದ ಆಸುಪಾಸಿನಲ್ಲಿತ್ತು. ಎಲ್ಲರದನ್ನೂ ಕೂಡಿಸಿ ಭಾಗಿಸಿದಾಗ ಉಳಿದ ಒಲವು ತೀರಾ ಸಣ್ಣದು. ಅಂದರೆ ಒಬ್ಬೊಬ್ಬರಲ್ಲಿ ಗಟ್ಟಿಯಾಗಿದ್ದ ಒಲವು ಗುಂಪಿನಲ್ಲಿ ಒಂದನ್ನೊಂದು ಅಳಿಸಿಹಾಕಿತ್ತು. ಕಾಲ ಬಿಟ್ಟು ಅದೇ ಜನರನ್ನು ಮತ್ತೆ ಪರೀಕ್ಷಿಸಿದರೆ ಅವರವರ ಗೆರೆ ಬಹುಮಟ್ಟಿಗೆ ಹಾಗೇ ಬಂತು.

ಬಣ್ಣವಿಲ್ಲ, ಕಥೆಯಿಲ್ಲ, ಬರಿಯ ಆಯತ. ಅದರಲ್ಲೂ ಇಷ್ಟು ಭೇದ, ಇಷ್ಟು ಸ್ಥಿರತೆ. 2010ರಲ್ಲಿ ಮೆಕ್‌ಮನಸ್ ಮತ್ತು ಸಂಗಡಿಗರು ಈ ಭೇದಕ್ಕೆ ಕಾರಣ ಹುಡುಕಲು ಜನರ ಸ್ವಭಾವದ ಹಲವು ಅಳತೆಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಯಾವುದೂ ಹೊಂದಲಿಲ್ಲ. ಚೌಕ ಮೆಚ್ಚುವವನು ಇಂಥ ಮನುಷ್ಯ ಎಂದು ಹೇಳಲು ಬರಲಿಲ್ಲ. ವಾರಪತ್ರಿಕೆಗಳಲ್ಲಿ ‘ನಿಮ್ಮ ಮೆಚ್ಚಿನ ಬಣ್ಣ, ನಿಮ್ಮ ಗುಣ’ ಎಂದು ಬರುವ ಅಂಕಣಗಳ ಬಗ್ಗೆ ಇಷ್ಟು ಹೇಳಿದರೆ ಸಾಕು.

ಸರಾಸರಿ ಮಾಡುವ ಇಂಥದೇ ಇನ್ನೊಂದು ಕೆಲಸವನ್ನು ನೋಡೋಣ. ಟೊರೊಂಟೊದ ಡೇನಿಯಲ್ ಬರ್ಲೈನ್ 1971ರ ತನ್ನ ಗ್ರಂಥದಲ್ಲಿ ಒಂದು ನಿಯಮ ಮುಂದಿಟ್ಟ. ತೀರಾ ಸರಳವಾದದ್ದು ಬೇಸರ ತರುತ್ತದೆ, ತೀರಾ ಜಟಿಲವಾದದ್ದು ಗೊಂದಲ ತರುತ್ತದೆ, ನಡುವಿನದು ಹಿತ. ಗೆರೆ ಎಳೆದರೆ ನಡುವೆ ಗುಡ್ಡದಂತೆ ಏಳುತ್ತದೆ. ಕೇಳಲು ಎಷ್ಟು ಸಮಂಜಸ! ದಶಕಗಳ ಕಾಲ ಈ ಗುಡ್ಡದ ಗೆರೆಯೇ ಈ ಕ್ಷೇತ್ರವನ್ನು ಆಳಿತು. 2016ರಲ್ಲಿ ನೆದರ್‌ಲೆಂಡ್ಸ್‌ನ ನೈಮೇಖನ್‌ನ ಸಂಶೋಧಕರು ಕಂಪ್ಯೂಟರಿನಲ್ಲಿ ಬಿಡಿಸಿದ ಅಮೂರ್ತ ವಿನ್ಯಾಸಗಳನ್ನು ಜನರಿಗೆ ತೋರಿಸಿ ಅಂಕ ಕೊಡಿಸಿದರು. ಸರಾಸರಿಯಲ್ಲಿ ಗುಡ್ಡ ಬಂತು. ಆಮೇಲೆ ಗುಂಪನ್ನು ಬಿಡಿಸಿ ನೋಡಿದರು. ಒಂದು ಪಂಗಡಕ್ಕೆ ವಿನ್ಯಾಸ ಜಟಿಲವಾದಷ್ಟೂ ಇಷ್ಟ ಹೆಚ್ಚುತ್ತ ಹೋಗಿತ್ತು. ಇನ್ನೊಂದು ಪಂಗಡಕ್ಕೆ ಜಟಿಲವಾದಷ್ಟೂ ಇಷ್ಟ ಇಳಿಯುತ್ತ ಹೋಗಿತ್ತು. ಏರುವ ಗೆರೆಯನ್ನೂ ಇಳಿಯುವ ಗೆರೆಯನ್ನೂ ಸೇರಿಸಿದ್ದರಿಂದ ನಡುವೆ ಗುಡ್ಡ ಎದ್ದಿತ್ತು. ಆ ಗುಡ್ಡದ ಮೇಲೆ ನಿಜವಾಗಿ ನಿಂತವರು ಹೆಚ್ಚು ಮಂದಿ ಇರಲಿಲ್ಲ. ಹೊಯ್ಸಳರ ಹಳೇಬೀಡಿನ ಗೋಡೆಯ ಎದುರು ಗಂಟೆಗಟ್ಟಲೆ ನಿಲ್ಲುವವರು, ಅದನ್ನು ಬೇಗ ದಾಟಿ ಶ್ರವಣಬೆಳಗೊಳದ ಗೊಮ್ಮಟನ ನುಣುಪಾದ ಮೈಯ ಎದುರು ಮಾತು ಮರೆಯುವವರು, ಇಬ್ಬರನ್ನೂ ನೀವು ಬಲ್ಲಿರಿ. ಅವರಿಬ್ಬರ ನಡುವಿನ ಮಧ್ಯಮ ಶಿಲ್ಪವೊಂದನ್ನು ಕಡೆದು ಇಬ್ಬರನ್ನೂ ಮೆಚ್ಚಿಸಲು ಆಗದು.

ಒಂದು ಆಕ್ಷೇಪ ಇಲ್ಲಿ ಬರಬಹುದು. ಇಷ್ಟವೆಂಬುದು ಆ ಹೊತ್ತಿನ ಮನಸ್ಥಿತಿ, ಇವತ್ತು ಒಂದು ನಾಳೆ ಒಂದು, ಅದಕ್ಕೆ ಇಷ್ಟು ಬೆಲೆ ಯಾಕೆ ಎಂದು. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಮನಮುಟ್ಟುವ ಉತ್ತರ 2008ರಲ್ಲಿ ಪ್ರಕಟವಾಯಿತು. ಅಮೆರಿಕದ ಆಂಡ್ರಿಯಾ ಹಾಲ್ಪರ್ನ್ ಮತ್ತು ಸಂಗಡಿಗರು ಆಲ್‌ಜೈಮರ್ ಕಾಯಿಲೆಯ ಹಿರಿಯರ ಮುಂದೆ ಕಲಾಕೃತಿಗಳ ಪೋಸ್ಟ್‌ಕಾರ್ಡುಗಳನ್ನು ಹರಡಿದರು. ಕೆಲವು ವಾಸ್ತವ ಚಿತ್ರಗಳು, ಕೆಲವು ಅರೆ ವಾಸ್ತವ, ಕೆಲವು ಪೂರ್ತಿ ಅಮೂರ್ತ. ಎಲ್ಲಕ್ಕಿಂತ ಇಷ್ಟವಾದದ್ದು ಮೊದಲು, ಇಷ್ಟವಾಗದ್ದು ಕೊನೆಗೆ, ಹೀಗೆ ಸಾಲಾಗಿ ಜೋಡಿಸಿ ಎಂದರು. ಎರಡು ವಾರ ಬಿಟ್ಟು ಮತ್ತೆ ಅದೇ ಕಾರ್ಡುಗಳು, ಅದೇ ಕೋರಿಕೆ. ಈ ಚಿತ್ರಗಳನ್ನು ಹಿಂದೆ ನೋಡಿದ ನೆನಪು ರೋಗಿಗಳಿಗೆ ಉಳಿದಿರಲಿಲ್ಲ. ಆದರೂ ಅವರು ಜೋಡಿಸಿದ ಸಾಲು ಹಿಂದಿನದಕ್ಕೆ ಹತ್ತಿರವಾಗಿಯೇ ಇತ್ತು, ಕಾಯಿಲೆಯಿಲ್ಲದ ಅದೇ ವಯಸ್ಸಿನವರಷ್ಟೇ ಸ್ಥಿರವಾಗಿತ್ತು.

ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತೆ. ಕಂಡದ್ದು ಮರೆತುಹೋಗಿದೆ, ಕಂಡೆ ಎಂಬುದೂ ಮರೆತುಹೋಗಿದೆ, ಮೆಚ್ಚುಗೆ ಮಾತ್ರ ನಿಂತಿದೆ. ಮರೆವಿನ ಕಾಯಿಲೆಯ ಅಪ್ಪ ಅಮ್ಮಂದಿರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಈ ಸಭೆಯಲ್ಲಿ ಇರಬಹುದು. ಅವರಿಗೆ ನನ್ನದೊಂದು ಮಾತು: ‘ಅವರಿಗೇನು ಗೊತ್ತಾಗುತ್ತೆ’ ಎಂದು ಟಿವಿಯಲ್ಲಿ ಏನೋ ಒಂದನ್ನು ಹಾಕಿ ಬಿಡಬೇಡಿ. ಅವರಿಗೆ ಯಾವ ಹಾಡು ಇಷ್ಟವಾಗಿತ್ತೋ ಅದನ್ನು ಹಾಕಿ. ಯಾವ ಸೀರೆ, ಯಾವ ಶಲ್ಯ ಎಂದು ಕೇಳಿ ಉಡಿಸಿ. ಆಯ್ಕೆ ಮಾಡುವ ಆ ಮನುಷ್ಯ ಇನ್ನೂ ಅಲ್ಲಿ ಇದ್ದಾರೆ.

ಹಾಗೆಂದು ಎಲ್ಲದರಲ್ಲೂ ನಮ್ಮ ನಡುವೆ ಭೇದವೇ ಎಂದು ನಾನು ಹೇಳುತ್ತಿಲ್ಲ. ಯಾವುದರಲ್ಲಿ ಒಪ್ಪುತ್ತೇವೆ, ಯಾವುದರಲ್ಲಿ ಬೇರೆಯಾಗುತ್ತೇವೆ ಎಂಬುದಕ್ಕೂ ಒಂದು ಕ್ರಮವಿದೆ. ಮುಖಗಳ ಚೆಲುವಿನ ವಿಷಯದಲ್ಲಿ ಜರ್ಮನಿಯ ಯೋಹಾನೆಸ್ ಹ್ಯೋನೆಕಾಪ್ 2006ರಲ್ಲಿ ಲೆಕ್ಕ ಹಾಕಿದರು: ತೀರ್ಪಿನಲ್ಲಿ ಸುಮಾರು ಅರ್ಧಪಾಲು ಎಲ್ಲರಿಗೂ ಸಮಾನ, ಅರ್ಧಪಾಲು ಅವರವರದು. ಎಡ್ವರ್ಡ್ ವೆಸೆಲ್ ಎಂಬ ಸಂಶೋಧಕ ಹಲವು ವರ್ಷ ಈ ಪ್ರಶ್ನೆಯ ಹಿಂದೆ ಬಿದ್ದರು. ಮುಖಗಳು, ಪ್ರಕೃತಿಯ ದೃಶ್ಯಗಳು ಇವುಗಳಲ್ಲಿ ಜನರ ಮೆಚ್ಚುಗೆ ಹೆಚ್ಚು ಹೊಂದುತ್ತದೆ. ಕಟ್ಟಡಗಳಿಗೆ, ಕಲಾಕೃತಿಗಳಿಗೆ ಬಂದರೆ ಹೊಂದಾಣಿಕೆ ಬಹಳ ಇಳಿಯುತ್ತದೆ. ಪ್ರಕೃತಿ ಕೊಟ್ಟದ್ದರಲ್ಲಿ ನಾವು ಹತ್ತಿರ, ಮನುಷ್ಯ ಮಾಡಿದ್ದರಲ್ಲಿ ದೂರ. ಜೋಗದ ಎದುರು ನಿಂತವರಲ್ಲಿ ಜಗಳ ಕಡಿಮೆ. ಹೊಸ ವಿಧಾನದ ಒಂದು ಕವನದ ಎದುರು ಜಗಳ ಖಂಡಿತ.

ವೆಸೆಲ್ ಮತ್ತು ಸಂಗಡಿಗರು 2012ರಲ್ಲಿ ಮಾಡಿದ ಇನ್ನೊಂದು ಅಧ್ಯಯನವೂ ಇಲ್ಲಿ ಬೇಕು. ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರಿನೊಳಗೆ ಮಲಗಿದವರಿಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ವರ್ಣಚಿತ್ರಗಳನ್ನು ತೋರಿಸಿ, ಒಂದೊಂದೂ ಎಷ್ಟು ಮನಕಲಕಿತು ಎಂದು ಕೇಳಿದರು. ಯಾರ ಆಯ್ಕೆಯೂ ಇನ್ನೊಬ್ಬರ ಆಯ್ಕೆಗೆ ಅಷ್ಟಾಗಿ ಹೊಂದಲಿಲ್ಲ. ಆದರೆ ಯಾವುದೇ ಚಿತ್ರವಾಗಲಿ, ಅದು ಒಬ್ಬ ವ್ಯಕ್ತಿಯನ್ನು ಅತ್ಯಂತ ಆಳವಾಗಿ ತಟ್ಟಿದಾಗ ಮಾತ್ರ ಮಿದುಳಿನ ಒಂದು ಜಾಲ ಎಚ್ಚರಗೊಳ್ಳುತ್ತಿತ್ತು. ಸಾಮಾನ್ಯವಾಗಿ ಹೊರಗಿನದನ್ನು ನೋಡುವಾಗ ಈ ಜಾಲ ತಣ್ಣಗಿರುತ್ತದೆ. ನಮ್ಮ ಬಗ್ಗೆ ನಾವೇ ಯೋಚಿಸುವಾಗ, ಹಳೆಯದನ್ನು ನೆನೆಯುವಾಗ ಕೆಲಸ ಮಾಡುತ್ತದೆ. ‘ಚೆನ್ನಾಗಿದೆ’ ಎನಿಸಿದ ಚಿತ್ರಕ್ಕೆ ಅದು ಏಳಲಿಲ್ಲ. ಅಲ್ಲಾಡಿಸಿಬಿಟ್ಟ ಚಿತ್ರಕ್ಕೆ ಎದ್ದಿತು. ಅಭಿನವಗುಪ್ತ ಹೇಳಿದ ವಾಸನೆಗೂ ಈ ಜಾಲಕ್ಕೂ ಗಂಟು ಹಾಕುವ ಆತುರ ನನಗಿಲ್ಲ. ಆದರೂ ಗಾಢವಾದ ಕಲಾನುಭವದಲ್ಲಿ ನೋಡುಗನ ಸ್ವಂತ ಬಾಳು ಒಳಗೆ ಬಂದು ಕೂಡುತ್ತದೆ ಎಂಬುದನ್ನು ಎರಡೂ ಕಡೆಯವರು ಬೇರೆ ಬೇರೆ ದಾರಿಯಲ್ಲಿ ಬಂದು ಹೇಳಿದ್ದಾರೆ.

ಈ ಭೇದದ ಬೇರು ಎಲ್ಲಿದೆ?

ಸ್ವಭಾವದಲ್ಲಿ ಸ್ವಲ್ಪ ಇದೆ. ವ್ಯಕ್ತಿತ್ವವನ್ನು ಅಳೆಯುವವರು ಹೇಳುವ ಐದು ಮುಖ್ಯ ಗುಣಗಳಲ್ಲಿ ‘ಅನುಭವಕ್ಕೆ ತೆರೆದುಕೊಳ್ಳುವ ಗುಣ’ ಒಂದು. ಇದು ಹೆಚ್ಚಿರುವವರಿಗೆ ಕಲೆಯ ಕಡೆಗೆ ಒಲವು ಹೆಚ್ಚು. ಹಾಡು ಕೇಳಿ ಮೈ ಜುಮ್ಮೆನ್ನುವುದು, ರೋಮ ನಿಮಿರುವುದು ಹೆಚ್ಚು. ಬ್ರಿಟನ್ನಿನಲ್ಲಿ ಬಿಬಿಸಿಯ ಮೂಲಕ 91,692 ಜನರಿಂದ ಉತ್ತರ ಪಡೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಯಾವ ಶೈಲಿಯ ಚಿತ್ರ ತೆಗೆದುಕೊಂಡರೂ ಈ ಗುಣದ ಗುರುತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು. ಆದರೆ ಪಾಲು ದೊಡ್ಡದಲ್ಲ. ಸ್ವಭಾವ ಗೊತ್ತಿದ್ದ ಮಾತ್ರಕ್ಕೆ ಮನುಷ್ಯನ ಮೆಚ್ಚಿನ ಚಿತ್ರವನ್ನು ಊಹಿಸಲಾಗದು.

ದೇಹದ ಕಟ್ಟಿನಲ್ಲೂ ಸ್ವಲ್ಪ ಇದೆ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಒಂದು ವಿಚಿತ್ರ ಗುಂಪನ್ನು ಗುರುತಿಸಿದರು. ಇವರ ಕಿವಿ ಚೆನ್ನಾಗಿದೆ. ಸ್ವರಗಳ ವ್ಯತ್ಯಾಸ ತಿಳಿಯುತ್ತದೆ. ಹಾಡು ದುಃಖದ್ದೋ ಸಂತೋಷದ್ದೋ ಎಂಬುದೂ ತಿಳಿಯುತ್ತದೆ. ದುಡ್ಡು ಗೆದ್ದರೆ ಎಲ್ಲರಂತೆ ಖುಷಿಪಡುತ್ತಾರೆ. ಸಂಗೀತ ಮಾತ್ರ ಅವರಿಗೆ ಯಾವ ಸುಖವನ್ನೂ ಕೊಡುವುದಿಲ್ಲ. ಚರ್ಮ, ಹೃದಯದ ಬಡಿತದ ಅಳತೆಗಳೂ ಅದನ್ನೇ ತೋರಿಸಿದವು. ಶ್ರವಣಕ್ಕೂ ಸುಖಕ್ಕೂ ಸಂಬಂಧಪಟ್ಟ ಮಿದುಳಿನ ಭಾಗಗಳ ನಡುವಿನ ಸಂಪರ್ಕ ಇವರಲ್ಲಿ ಕ್ಷೀಣ ಎಂದು ಆಮೇಲಿನ ಅಧ್ಯಯನ ಹೇಳಿತು. ನಮ್ಮಲ್ಲಿ ಇಂಥವರಿಗೆ ‘ಅರಸಿಕ’ ಎಂಬ ಬೈಗುಳ ಸಿದ್ಧವಿದೆ. ಸಂಗೀತದ ಮನೆಯಲ್ಲಿ ಹುಟ್ಟಿದ ಇಂಥ ಮಗುವಿನ ಗತಿ ಏನು ಎಂದು ಯೋಚಿಸಿ. ಅಂಥ ಮಗು ಬಣ್ಣದಲ್ಲೋ ಕಥೆಯಲ್ಲೋ ತನ್ನ ಸುಖವನ್ನು ಕಾಣಬಲ್ಲದು. ನಾವು ಬಿಡಬೇಕು ಅಷ್ಟೆ.

ಹುಟ್ಟು ಎಷ್ಟು, ಬಾಳು ಎಷ್ಟು ಎಂದು ತೂಗಲು ಅವಳಿಗಳ ಅಧ್ಯಯನ ನೆರವಾಗುತ್ತದೆ. ತದ್ರೂಪಿ ಅವಳಿಗಳಿಗೆ ವಂಶವಾಹಿಗಳು ಒಂದೇ. ಸಾಮಾನ್ಯ ಅವಳಿಗಳಿಗೆ ಸರಾಸರಿ ಅರ್ಧ. ಮೊದಲ ಬಗೆಯವರು ಎರಡನೆಯ ಬಗೆಯವರಿಗಿಂತ ಎಷ್ಟು ಹೆಚ್ಚು ಹೋಲುತ್ತಾರೆ ಎಂಬುದರಿಂದ ಹುಟ್ಟಿನ ಪಾಲು ಅಂದಾಜಾಗುತ್ತದೆ. ಸ್ವೀಡನ್ನಿನ 9 ಸಾವಿರಕ್ಕೂ ಹೆಚ್ಚು ಅವಳಿಗಳ ಮಾಹಿತಿಯ ಮೇಲೆ 2025ರಲ್ಲಿ ಪ್ರಕಟವಾದ ಅಧ್ಯಯನ, ಸಂಗೀತದಿಂದ ಸುಖಪಡುವ ಶಕ್ತಿಯ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಹುಟ್ಟಿನದು ಎಂದಿತು. ಆದರೆ ಯಾವ ಮುಖ ಚೆಲುವು ಎಂಬ ಒಲವಿಗೆ ಬಂದರೆ ಲೆಕ್ಕ ತಿರುಗಿಬಿದ್ದಿತು. 2015ರಲ್ಲಿ ಲಾರಾ ಜರ್ಮೈನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ತದ್ರೂಪಿ ಅವಳಿಗಳೂ ಇದರಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದರು. ಮುಖಗಳನ್ನು ಗುರುತುಹಿಡಿಯುವ ಸಾಮರ್ಥ್ಯ ಬಹುಪಾಲು ಹುಟ್ಟಿನಿಂದ ಬಂದರೂ, ಯಾವ ಮುಖ ಇಷ್ಟ ಎಂಬುದು ಬಹುಪಾಲು ಬಾಳಿನಿಂದ ಬಂದಿತ್ತು. ಅದೂ ಮನೆಯವರೆಲ್ಲ ಹಂಚಿಕೊಂಡ ಬಾಳಲ್ಲ, ಒಬ್ಬೊಬ್ಬರು ತಾವೇ ಕಂಡ ಬಾಳು. ಒಂದೇ ಸೂರಿನಡಿ ಬೆಳೆದ ಅಣ್ಣತಮ್ಮಂದಿರ ಅಭಿರುಚಿ ಯಾಕೆ ಹೀಗೆ ಎಂದು ಬೆರಗಾಗುವ ತಾಯಂದಿರಿಗೆ ಇದರಲ್ಲಿ ಸ್ವಲ್ಪ ಉತ್ತರವಿದೆ.

ಬಾಳು ಒಲವನ್ನು ಹೇಗೆ ತಿದ್ದುತ್ತದೆ? ಒಂದು ದಾರಿ ಸರಳವಾದದ್ದು: ಮತ್ತೆ ಮತ್ತೆ ಕಂಡದ್ದು ಇಷ್ಟವಾಗುತ್ತದೆ. ರಾಬರ್ಟ್ ಜಯೋನ್ಸ್ 1968ರಲ್ಲಿ ಇದನ್ನು ತೋರಿಸಿದ. ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಕಟಿಂಗ್ ಇದನ್ನು ಕಲೆಗೆ ಅನ್ವಯಿಸಿದ ರೀತಿ ಬಹಳ ಚೆಲುವಾದದ್ದು. ಇಂಪ್ರೆಷನಿಸ್ಟ್ ಚಿತ್ರಗಳಲ್ಲಿ ಯಾವುದು ಎಷ್ಟು ಪುಸ್ತಕಗಳಲ್ಲಿ ಅಚ್ಚಾಗಿದೆ ಎಂದು ಗ್ರಂಥಾಲಯದ ಕಪಾಟುಗಳಲ್ಲಿ ಹುಡುಕಿ ಎಣಿಸಿದರು. ಹೆಚ್ಚು ಅಚ್ಚಾದ ಚಿತ್ರಗಳನ್ನೇ ವಿದ್ಯಾರ್ಥಿಗಳು ಹೆಚ್ಚಾಗಿ ಮೆಚ್ಚಿದರು. ಬೇರೊಂದು ತಂಡದ ವಿದ್ಯಾರ್ಥಿಗಳಿಗೆ ಸೆಮಿಸ್ಟರಿನುದ್ದಕ್ಕೂ ಪಾಠದ ನಡುನಡುವೆ, ಯಾವ ವಿವರಣೆಯೂ ಇಲ್ಲದೆ, ಕೆಲವೇ ಸೆಕೆಂಡು, ಕಡಿಮೆ ಅಚ್ಚಾದ ಚಿತ್ರಗಳನ್ನು ಹೆಚ್ಚು ಸಲ ತೋರಿಸಿದರು. ಸೆಮಿಸ್ಟರಿನ ಕೊನೆಗೆ ಪ್ರಸಿದ್ಧ ಚಿತ್ರಗಳ ಮೇಲುಗೈ ಕರಗಿತ್ತು. ಕಲಾಚರಿತ್ರೆಯ ಶ್ರೇಷ್ಠತೆಯ ಪಟ್ಟಿಯಲ್ಲಿ ಮುದ್ರಣಾಲಯದ ಕೈಯೂ ಇದೆ ಎಂದಾಯಿತು.

ಇಲ್ಲಿಗೇ ನಿಂತರೆ ಎಲ್ಲವೂ ರೂಢಿಯ ಆಟ ಎನಿಸೀತು. 2013ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲವರು ಇದೇ ಕ್ರಮವನ್ನು ಇಬ್ಬರು ಚಿತ್ರಕಾರರ ಮೇಲೆ ಪ್ರಯೋಗಿಸಿದರು. ಒಬ್ಬ 19ನೆಯ ಶತಮಾನದ ಜಾನ್ ಎವರೆಟ್ ಮಿಲೆ. ಇನ್ನೊಬ್ಬ ಕ್ಯಾಲೆಂಡರುಗಳಿಗೆ ಹೇಳಿಮಾಡಿಸಿದಂಥ ಹೊಳೆಯುವ ಗುಡಿಸಲುಗಳನ್ನು ಬಿಡಿಸಿ ಅಮೆರಿಕದಲ್ಲಿ ಬಹಳ ಮಾರಾಟವಾದ ಥಾಮಸ್ ಕಿಂಕೇಡ್. ಹೆಚ್ಚು ಸಲ ನೋಡಿದಷ್ಟೂ ಕಿಂಕೇಡನ ಚಿತ್ರಗಳ ಮೇಲಿನ ಇಷ್ಟ ಇಳಿಯಿತು. ಮಿಲೆಯ ಚಿತ್ರಗಳಿಗೆ ಹಾಗಾಗಲಿಲ್ಲ. ಮತ್ತೆ ಮತ್ತೆ ನೋಡುವುದೆಂದರೆ ಒಗ್ಗಿಕೊಳ್ಳುವುದಷ್ಟೇ ಅಲ್ಲ, ಕೃತಿಯಲ್ಲಿ ಇರುವುದು ಮತ್ತು ಇಲ್ಲದಿರುವುದು ಎರಡೂ ಕಾಣತೊಡಗುವುದು. ಆದ್ದರಿಂದ ರುಚಿಭೇದವನ್ನು ಒಪ್ಪುವವರು ಒಳ್ಳೆಯದು ಕೆಟ್ಟದ್ದರ ವಿವೇಚನೆಯನ್ನೇ ಬಿಡುತ್ತಾರೆ ಎಂಬ ಭಯ ಬೇಡ.

ಇದಕ್ಕೆ ತದ್ವಿರುದ್ಧವಾಗಿ, ಎಲ್ಲ ಭೇದವನ್ನೂ ಒಂದೇ ‘ಸದಭಿರುಚಿ’ಯ ಅಳತೆಗೋಲಿನಲ್ಲಿ ಅಡಗಿಸಲು ಹೊರಟವನು ಹಾನ್ಸ್ ಐಸೆಂಕ್. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬುದ್ಧಿಶಕ್ತಿಗಾಗಿ ರೂಪಿಸಿದ ಅಂಶವಿಶ್ಲೇಷಣೆಯ ಗಣಿತವನ್ನು ಅವನು 1940ರಲ್ಲಿ ಸೌಂದರ್ಯದ ತೀರ್ಪುಗಳಿಗೆ ಹಚ್ಚಿದ. ಬುದ್ಧಿಗೆ ಒಂದು ಸಾಮಾನ್ಯ ಅಂಶವಿರುವಂತೆ ಅಭಿರುಚಿಗೂ ಒಂದಿದೆ, ಕೆಲವರಿಗೆ ಅದು ಹೆಚ್ಚು, ಕೆಲವರಿಗೆ ಕಡಿಮೆ ಎಂದ. ನನಗೆ ಇದು ಸರಿಯೆನಿಸುವುದಿಲ್ಲ. ಬಹುಮತದ ಕಡೆ ವಾಲುವುದನ್ನೇ ಒಳ್ಳೆಯ ಅಭಿರುಚಿ ಎಂದು ಕರೆದರೆ, ಬೇರೆಯಾಗಿ ನೋಡುವವನು ಪರೀಕ್ಷೆ ಶುರುವಾಗುವ ಮೊದಲೇ ನಪಾಸಾಗಿರುತ್ತಾನೆ.

ಇನ್ನು ಸಮಾಜ. ಪಿಯರ್ ಬೋರ್ದಿಯೂ 1960ರ ದಶಕದಲ್ಲಿ ಫ್ರಾನ್ಸಿನ 1,217 ಜನರಿಗೆ ಹಲವು ಪ್ರಶ್ನೆ ಕೇಳಿದ. ಅವುಗಳಲ್ಲಿ ಒಂದು: ಯಾವ ವಸ್ತುವಿನ ಫೋಟೋ ಸುಂದರವಾಗಿ ಬರುತ್ತದೆ? ಸೂರ್ಯಾಸ್ತವೆಂದರು ದುಡಿಯುವ ವರ್ಗದ ಬಹಳ ಜನ. ಎಲೆಕೋಸು, ಮರದ ತೊಗಟೆಯಂಥವೂ ಆಗಬಹುದೆಂದು ಹೇಳಿದವರು ಹೆಚ್ಚಾಗಿ ಓದಿದವರು, ಉಳ್ಳವರು. ಅಭಿರುಚಿ ಎಂಬುದು ಮೇಲಿನವರು ತಾವು ಮೇಲಿನವರೆಂದು ತೋರಿಸಿಕೊಳ್ಳುವ ಸಾಧನ ಎಂದು 1979ರ ತನ್ನ ಗ್ರಂಥದಲ್ಲಿ ಅವನು ವಾದಿಸಿದ. ನಮ್ಮಲ್ಲಿ ವರ್ಗದ ಜತೆಗೆ ಜಾತಿಯೂ ಇದೆ. ತಮಟೆಯನ್ನು ಗದ್ದಲವೆಂದು, ದೊಡ್ಡಾಟವನ್ನು ಒರಟೆಂದು ಕರೆದ ಬಾಯಿಗಳು ರುಚಿಯ ಮಾತಾಡುತ್ತಿರಲಿಲ್ಲ, ಅಂತಸ್ತಿನ ಮಾತಾಡುತ್ತಿದ್ದವು. ಒಂದು ಸಮುದಾಯಕ್ಕೆ ತನ್ನ ಮೆಚ್ಚುಗೆಯ ಬಗ್ಗೆಯೇ ನಾಚಿಕೆ ಹುಟ್ಟಿಸುವುದು ದೊಡ್ಡ ಕ್ರೌರ್ಯ. ಬೋರ್ದಿಯೂಗೆ ಕಾಣದೆ ಹೋದದ್ದು, ಒಂದೇ ಕೇರಿಯ, ಒಂದೇ ಜಾತಿಯ, ಒಂದೇ ಓದಿನ ಇಬ್ಬರ ನಡುವೆ ಇರುವ ಅಂತರ. ಆ ಅಂತರದ ಶಾಸ್ತ್ರವೇ ನಾನು ಇಷ್ಟು ಹೊತ್ತು ಹೇಳಿದ್ದು.

ಈ ಅಧ್ಯಯನಗಳ ಬಹುಪಾಲು ಯುರೋಪು, ಅಮೆರಿಕದ ಜನರ ಮೇಲೆ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು. ಆ ವಲಯ ದಾಟಿದ ಕೂಡಲೇ ಏನಾಗುತ್ತದೆ ಎಂಬುದಕ್ಕೆ 2016ರಲ್ಲಿ ಜಾಶ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಬೊಲಿವಿಯಾದ ಅಮೆಜಾನ್ ಕಾಡಿನ ತ್ಸಿಮಾನೆ ಜನರ ನಡುವೆ ಮಾಡಿದ ಕೆಲಸ ಸಾಕ್ಷಿ. ಪಾಶ್ಚಾತ್ಯ ಸಂಗೀತದಲ್ಲಿ ಹಿತವೆಂದೂ ಕರ್ಕಶವೆಂದೂ ಬೇರ್ಪಡಿಸಿದ ಸ್ವರಮೇಳಗಳ ವ್ಯತ್ಯಾಸ ಅವರ ಕಿವಿಗೆ ತಿಳಿಯುತ್ತಿತ್ತು. ಆದರೆ ಎರಡೂ ಸಮನಾಗಿ ಹಿತವಾಗಿದ್ದವು. ಕಿವಿಯ ನೈಸರ್ಗಿಕ ನಿಯಮವೆಂದು ಬಹಳ ಕಾಲ ನಂಬಿದ್ದು ಒಂದು ನಾಡಿನ ರೂಢಿಯಾಗಿತ್ತು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಅದೇ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರುಮಾಡಿ, ಆವರೆಗೆ ಅರಮನೆಯಲ್ಲಿ, ಸಭೆಗಳಲ್ಲಿ ಇದ್ದ ಸಂಗೀತವನ್ನು ಮನೆಯಲ್ಲಿ ಕೂತವರ ಕಿವಿಗೂ ತಲುಪುವಂತೆ ಮಾಡಿದ ಮನಶ್ಶಾಸ್ತ್ರಜ್ಞ ಅವರು. ಆ ವಿಭಾಗಕ್ಕೆ ನೂರು ತುಂಬಿದೆ. ಅಲ್ಲಿಯ ಮತ್ತು ನಾಡಿನ ಬೇರೆ ವಿಶ್ವವಿದ್ಯಾಲಯಗಳ ಯುವ ಸಂಶೋಧಕರಲ್ಲಿ ನನ್ನದೊಂದು ಮನವಿ. ಆಯತಗಳೂ ಇಂಪ್ರೆಷನಿಸ್ಟ್ ಚಿತ್ರಗಳೂ ಸಾಕು. ಗಮಕ ವಾಚನದ ಎದುರು, ತತ್ತ್ವಪದದ ಭಜನೆಯ ಎದುರು, ಬೆಳಗಿನ ಜಾವದ ಯಕ್ಷಗಾನದ ಎದುರು ಕೂತ ಜನರ ಬಳಿಗೆ ಹೋಗಿ. ಯಾವುದು ಹಿಡಿಸಿತು ಎಂದು ಒಬ್ಬೊಬ್ಬರನ್ನೂ ಕೇಳಿ, ತಿಂಗಳು ಬಿಟ್ಟು ಮತ್ತೆ ಕೇಳಿ. ಹಳ್ಳಿಯವರನ್ನು ಕೇಳಿ, ಮಕ್ಕಳನ್ನು ಕೇಳಿ, ಕಣ್ಣು ಮಂಜಾದವರನ್ನೂ ಕೇಳಿ. ಫಲಿತಾಂಶ ಬರೆಯುವಾಗ ಸರಾಸರಿಯ ಪಕ್ಕದಲ್ಲಿ ಒಬ್ಬೊಬ್ಬರ ಗೆರೆಯನ್ನೂ ಅಚ್ಚು ಹಾಕಿ, ಮತ್ತು ಅದನ್ನು ಕನ್ನಡದಲ್ಲಿ ಅಚ್ಚು ಹಾಕಿ. ಉತ್ತರ ಕೊಟ್ಟ ಜನ ಅದನ್ನು ಓದಲಿ.